ಎರೆಹೊಲವನ್ನು ಮೇಲಿನಿಂದ ನೋಡುವ ಹಗುರ ಡ್ರೋನ್: ಅಚ್ಚಿನ ಚೌಕಟ್ಟಿನಿಂದ ಅದನ್ನು ಕಟ್ಟುವ ಕ್ರಮ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಶಿರೋಳ ಮೊದಲಾದ ಗ್ರಾಮಗಳಲ್ಲಿ ಬಹುಭಾಗವು ಎರೆಭೂಮಿಯಾಗಿರುವುದು. ಈ ಮಣ್ಣಿನ ಗುಣದೋಷಗಳು ಅಲ್ಲಿಯ ರೈತರಿಗೆ ತಿಳಿಯದ ಸಂಗತಿಯಲ್ಲ. ಅದು ಒಣಗಿದಾಗ ಆಳವಾಗಿ ಬಿರಿಯುವುದು. ನೆನೆದಾಗ ಉಬ್ಬಿ, ಬಿರುಕುಗಳು ಮುಚ್ಚಿಕೊಂಡು, ನೀರು ಕೆಳಕ್ಕಿಳಿಯುವುದು ಅತಿ ಮಂದವಾಗುವುದು. ಇದೇ ಗುಣದಿಂದ ಹಿಂಗಾರಿಯ ಬಿಳಿಜೋಳವೂ ಕಡಲೆಯೂ ಮಳೆಯಿಲ್ಲದ ದಿನಗಳಲ್ಲಿ ಭೂಮಿಯ ಹಸಿಯಿಂದಲೇ ಬೆಳೆಯುವವು. ಇದೇ ಗುಣದಿಂದ ಮುಂಗಾರಿಯ ಹೆಸರು ಕಟಾವಿನ ಸಮಯಕ್ಕೆ ದೊಡ್ಡ ಮಳೆಗೆ ಸಿಕ್ಕಿದರೆ ನಿಂತ ನೀರಿನಲ್ಲಿ ಕೊಳೆಯುವುದು. ಕಾಳು ಕಾಯಿಯಲ್ಲಿಯೇ ಮೊಳೆಯುವುದು.

ಇಂಥ ಮಳೆಯ ಮರುದಿನ ಹೊಲದೊಡೆಯನಿಗೆ ಎರಡು ಕಷ್ಟಗಳು ಒಂದೇ ಸಲ ಒದಗುವವು. ಮೊದಲನೆಯದು, ಹೊಲದೊಳಗೆ ಕಾಲಿಡಲಾಗದು. ಎರೆಯು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಕೀಳಗೊಡದು. ಬಲವಂತದಿಂದ ನಡೆದರೆ ಉಳಿದ ಬೆಳೆಯೂ ತುಳಿದು ಹಾಳಾಗುವುದು. ಬದುವಿನ ಮೇಲೆ ನಿಂತು ನೋಡಿದರೆ ಅಂಚಿನ ಸಾಲುಗಳು ಕಾಣುವವೇ ಹೊರತು ನಡುಹೊಲದ ತಗ್ಗಿನಲ್ಲಿ ನೀರು ಎಷ್ಟು ಗುಂಟೆಯಲ್ಲಿ ನಿಂತಿದೆಯೆಂಬುದು ತಿಳಿಯದು. ಎರಡನೆಯದು, ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆಯು ಜಲಾವೃತವಾಗುವಂಥ ಸ್ಥಳೀಯ ವಿಪತ್ತಿಗೆ ಸಿಕ್ಕಿದರೆ, ಆ ಸಂಗತಿಯನ್ನು ೭೨ ಗಂಟೆಗಳೊಳಗಾಗಿ ತಿಳಿಸತಕ್ಕದ್ದೆಂದು ನಿಯಮವಿರುವುದು. ಎರೆಯು ಆರಿ ಕಾಲು ತಾಳುವ ಹೊತ್ತಿಗೆ ಈ ಮೂರು ದಿನಗಳು ಕಳೆದುಹೋಗುವುದುಂಟು.

ಆದುದರಿಂದ ನೆಲವನ್ನು ತುಳಿಯದೆ ಹೊಲವನ್ನು ನೋಡುವ ಉಪಾಯವೊಂದು ಗ್ರಾಮದಲ್ಲಿದ್ದರೆ ಅದು ವಿನೋದದ ವಸ್ತುವಾಗದೆ ಒಕ್ಕಲುತನದ ಸಾಧನವೇ ಆಗುವುದು. ೨೫೦ ಗ್ರಾಮಿಗೆ ಮೀರದ ಚಿಕ್ಕ ಡ್ರೋನ್ ಅಂಥ ಉಪಾಯವಾಗಿದೆ. ಅದರ ಚೌಕಟ್ಟನ್ನು ಊರಿನಲ್ಲಿಯೇ ಅಚ್ಚು ತೆಗೆದು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

೧. ಈ ಸಾಧನದಿಂದ ಆಗುವುದೇನು, ಆಗದ್ದೇನು

ಡ್ರೋನ್ ಎಂಬುದು ಗ್ರಾಮಗಳಿಗೆ ಈಗ ಹೊಸತಲ್ಲ. ೨೦೨೦ನೆಯ ಏಪ್ರಿಲ್ ೨೪ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಮನೆ ನಿವೇಶನಗಳ ಮೋಜಣಿಯನ್ನು ಡ್ರೋನ್‌ಗಳಿಂದ ನಡೆಸಲಾಯಿತು. ಬೆಳೆಗೆ ಔಷಧ ಸಿಂಪಡಿಸುವ ದೊಡ್ಡ ಡ್ರೋನ್‌ಗಳೂ ಬಂದಿರುವವು. ಸ್ವಸಹಾಯ ಸಂಘಗಳ ಮಹಿಳೆಯರಿಗೆ ಅವುಗಳನ್ನು ಒದಗಿಸುವ ನಮೋ ಡ್ರೋನ್ ದೀದಿ ಯೋಜನೆಗೆ ಕೇಂದ್ರ ಸಚಿವ ಸಂಪುಟವು ೨೦೨೩ನೆಯ ನವೆಂಬರ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಆ ಯಂತ್ರಗಳು ಹತ್ತಾರು ಕಿಲೋ ಭಾರವುಳ್ಳವು. ಅವುಗಳನ್ನು ನಡೆಸಲು ತರಬೇತಿಯೂ ಪ್ರಮಾಣಪತ್ರವೂ ಬೇಕು. ಇಲ್ಲಿ ಹೇಳುವ ಚಿಕ್ಕ ಡ್ರೋನ್ ಔಷಧವನ್ನು ಹೊರಲಾರದು, ಬೀಜವನ್ನು ಬಿತ್ತಲಾರದು. ಅದು ಒಂದು ಕ್ಯಾಮೆರಾವನ್ನು ಮೇಲಕ್ಕೊಯ್ದು ಚಿತ್ರ ತೆಗೆದು ಮರಳುವುದು, ಅಷ್ಟೇ. ಇದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಿ ಹಣ ಹಾಕುವವರು ನಿರಾಶರಾಗುವರು.

೨. ೨೫೦ ಗ್ರಾಮಿನ ಮಿತಿ

ಭಾರತ ಸರಕಾರವು ೨೦೨೧ನೆಯ ಆಗಸ್ಟ್ ೨೫ರಂದು ಪ್ರಕಟಿಸಿದ ಡ್ರೋನ್ ನಿಯಮಗಳಲ್ಲಿ ಡ್ರೋನ್‌ಗಳನ್ನು ತೂಕಕ್ಕನುಸಾರವಾಗಿ ಐದು ವರ್ಗಗಳಾಗಿ ವಿಂಗಡಿಸಲಾಗಿದೆ. ಬ್ಯಾಟರಿ, ಕ್ಯಾಮೆರಾ ಸಹಿತವಾಗಿ ೨೫೦ ಗ್ರಾಮಿಗೆ ಮೀರದಿರುವುದು ನ್ಯಾನೊ ವರ್ಗ. ಅಲ್ಲಿಂದ ೨ ಕಿಲೋವರೆಗೆ ಮೈಕ್ರೊ ವರ್ಗ. ೨೫ ಕಿಲೋವರೆಗೆ ಸ್ಮಾಲ್ ವರ್ಗ. ಅದಕ್ಕೂ ಮೇಲೆ ಇನ್ನೆರಡು ವರ್ಗಗಳಿರುವವು. ನ್ಯಾನೊ ವರ್ಗದ ಡ್ರೋನಿಗೆ ಮಾದರಿ ಪ್ರಮಾಣಪತ್ರವೂ ನಡೆಸುವವನಿಗೆ ಚಾಲಕ ಪ್ರಮಾಣಪತ್ರವೂ ಆ ನಿಯಮಗಳಲ್ಲಿ ಕಡ್ಡಾಯವಾಗಿಲ್ಲ. ಮನೆಯಲ್ಲಿ ಕಟ್ಟಿದ ಯಂತ್ರವೊಂದಕ್ಕೆ ಮಾದರಿ ಪ್ರಮಾಣಪತ್ರವನ್ನು ಪಡೆಯುವುದು ರೈತನಿಗೆ ಸಾಧ್ಯವಾದ ಮಾತಲ್ಲ. ಆದುದರಿಂದ ಹೊಲದ ಕೆಲಸಕ್ಕೆಂದು ಸ್ವತಃ ಕಟ್ಟುವ ಡ್ರೋನ್ ೨೫೦ ಗ್ರಾಮಿನೊಳಗೇ ಇರತಕ್ಕದ್ದು.

ಆದರೂ ನ್ಯಾನೊ ಡ್ರೋನಿಗೆ ಯಾವ ಕಟ್ಟಳೆಯೂ ಇಲ್ಲವೆಂದು ತಿಳಿಯಬಾರದು. ಅದನ್ನು ಸರಕಾರದ ವಿಮಾನಯಾನ ಜಾಲತಾಣದಲ್ಲಿ ನೋಂದಾಯಿಸಿ ಗುರುತಿನ ಸಂಖ್ಯೆಯನ್ನು ಪಡೆಯತಕ್ಕದ್ದು. ಹಸಿರು ವಲಯವೆಂದು ನಕ್ಷೆಯಲ್ಲಿ ತೋರಿಸಿದ ಸ್ಥಳದಲ್ಲಿಯೂ ೪೦೦ ಅಡಿ, ಅಂದರೆ ೧೨೦ ಮೀಟರಿಗಿಂತ ಮೇಲೆ ಹಾರಿಸಕೂಡದು. ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಇರಿಸಿಕೊಳ್ಳಬೇಕು. ನಿಯಮ ಮೀರಿದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವುಂಟು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಕಟ್ಟಲು ತೊಡಗುವ ಮುಂಚೆ ಅಂದಿನ ನಿಯಮವನ್ನು ನೋಡಿಕೊಳ್ಳುವುದು ಒಳಿತು.

೩. ಹಾರುವ ತತ್ತ್ವ

ಚಿಕ್ಕ ಡ್ರೋನಿಗೆ ನಾಲ್ಕು ತೋಳುಗಳು. ಪ್ರತಿ ತೋಳಿನ ತುದಿಗೆ ಒಂದು ಮೋಟಾರು. ಅದರ ಮೇಲೆ ಪ್ರೊಪೆಲ್ಲರ್ ಎಂಬ ತಿರುಗುರೆಕ್ಕೆ. ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದ ಡ್ರೋನ್ ಮೇಲಕ್ಕೇಳುವುದು. ನಾಲ್ಕೂ ರೆಕ್ಕೆಗಳು ಒಂದೇ ಕಡೆಗೆ ತಿರುಗಿದರೆ ಒಡಲು ಅದಕ್ಕೆ ವಿರುದ್ಧವಾಗಿ ಗಿರಕಿ ಹೊಡೆಯುವುದು. ಆದುದರಿಂದ ಎದುರುಬದುರಾದ ಮೂಲೆಗಳ ಒಂದು ಜೋಡಿಯು ಗಡಿಯಾರದ ಮುಳ್ಳಿನಂತೆಯೂ ಇನ್ನೊಂದು ಜೋಡಿಯು ಅದಕ್ಕೆ ವಿರುದ್ಧವಾಗಿಯೂ ತಿರುಗುವಂತೆ ಏರ್ಪಡಿಸುವರು. ಹಿಂದಿನ ಮೋಟಾರುಗಳ ವೇಗ ಹೆಚ್ಚಿದರೆ ಮುಂದಕ್ಕೆ ಬಾಗಿ ಮುನ್ನಡೆಯುವುದು. ಎಡಗಡೆಯವು ಹೆಚ್ಚಿದರೆ ಬಲಕ್ಕೆ ಸರಿಯುವುದು.

ಈ ತತ್ತ್ವವು ನೂರು ವರ್ಷಕ್ಕೂ ಹಳೆಯದು. ಫ್ರಾನ್ಸ್ ದೇಶದ ಎಟಿಯೆನ್ ಒಮಿಶೆನ್ ಎಂಬ ಶಿಲ್ಪಜ್ಞನು ನಾಲ್ಕು ದೊಡ್ಡ ತಿರುಗುರೆಕ್ಕೆಗಳ ಯಂತ್ರದಲ್ಲಿ ತಾನೇ ಕುಳಿತು ೧೯೨೪ರಲ್ಲಿ ಒಂದು ಕಿಲೋಮೀಟರಿನ ಸುತ್ತನ್ನು ಪೂರೈಸಿದನು. ಆದರೆ ಮನುಷ್ಯನ ಕೈಯು ನಾಲ್ಕು ರೆಕ್ಕೆಗಳನ್ನು ಕ್ಷಣಕ್ಷಣಕ್ಕೂ ಸರಿದೂಗಿಸಲಾರದಾದುದರಿಂದ ಆ ಕ್ರಮವು ಅಂದು ಬೆಳೆಯಲಿಲ್ಲ. ಈಗ ಹೆಬ್ಬೆರಳಗಲದ ಫಲಕವೊಂದರಲ್ಲಿರುವ ಜೈರೋಸ್ಕೋಪ್, ಒಡಲು ಕೊಂಚ ವಾಲಿದರೂ ಅದನ್ನು ಅರಿತು, ಸೆಕೆಂಡಿಗೆ ಸಾವಿರಾರು ಸಲ ಮೋಟಾರುಗಳ ವೇಗವನ್ನು ತಿದ್ದುತ್ತಿರುವುದು. ಈ ಫಲಕಕ್ಕೆ ಬೇಕಾದ ಆರ್ಡುಪೈಲಟ್ ಮೊದಲಾದ ತಂತ್ರಾಂಶಗಳು ಬೆಲೆಯಿಲ್ಲದೆ ಎಲ್ಲರಿಗೂ ದೊರೆಯುವವು.

೪. ತೂಕದ ಲೆಕ್ಕ

ಚಿಕ್ಕ ಡ್ರೋನನ್ನು ಕಟ್ಟುವವನು ಮೊದಲು ಬರೆಯಬೇಕಾದುದು ತೂಕದ ಲೆಕ್ಕ. ಆದಾಯವನ್ನರಿಯದೆ ವೆಚ್ಚಕ್ಕಿಳಿದವನ ಮನೆತನದಂತೆ, ತೂಕವನ್ನರಿಯದೆ ಸಾಮಾನು ಕೊಂಡವನ ಡ್ರೋನ್ ನೆಲವನ್ನು ಬಿಡದು. ಕರ್ಣದಲ್ಲಿ ಮೋಟಾರಿನಿಂದ ಮೋಟಾರಿಗೆ ೧೮೦ ಮಿಲಿಮೀಟರ್ ಅಂತರವೂ ನಾಲ್ಕು ಅಂಗುಲದ ರೆಕ್ಕೆಗಳೂ ಉಳ್ಳ ಡ್ರೋನಿಗೆ ಲೆಕ್ಕವನ್ನು ಹೀಗೆ ಹಿಡಿಯಬಹುದು:

ಅಚ್ಚು ತೆಗೆದ ತೋಳುಗಳು, ನಾಲ್ಕು: ೩೨ ಗ್ರಾಂ
ನಡುವಿನ ಹಲಗೆಗಳು ಮತ್ತು ಕ್ಯಾಮೆರಾ ಹಿಡಿಕೆ: ೧೮ ಗ್ರಾಂ
ಮೋಟಾರುಗಳು, ನಾಲ್ಕು: ೩೬ ಗ್ರಾಂ
ತಿರುಗುರೆಕ್ಕೆಗಳು, ನಾಲ್ಕು: ೮ ಗ್ರಾಂ
ವೇಗನಿಯಂತ್ರಕ ಸಹಿತವಾದ ಹಾರಾಟ ಫಲಕ: ೧೨ ಗ್ರಾಂ
ರೇಡಿಯೋ ಗ್ರಾಹಕ: ೨ ಗ್ರಾಂ
ಸ್ಥಾನ ತಿಳಿಸುವ ಜಿಪಿಎಸ್: ೮ ಗ್ರಾಂ
ಕ್ಯಾಮೆರಾ: ೩೦ ಗ್ರಾಂ
ಮೂರು ಕೋಶದ, ೮೫೦ ಮಿಲಿ ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ: ೭೫ ಗ್ರಾಂ
ತಂತಿ, ಸ್ಕ್ರೂ, ಪಟ್ಟಿ: ೧೩ ಗ್ರಾಂ
ಒಟ್ಟು: ೨೩೪ ಗ್ರಾಂ

ಉಳಿದ ೧೬ ಗ್ರಾಮನ್ನು ಖರ್ಚು ಮಾಡದೆ ಕಾಯ್ದಿರಿಸಬೇಕು. ಬೆಸುಗೆಯ ಸೀಸ, ಅಂಟು, ಮಣ್ಣು ಇವೆಲ್ಲವೂ ತಮ್ಮ ಪಾಲನ್ನು ಕೇಳುವವು. ಪ್ರತಿಯೊಂದು ಬಿಡಿಭಾಗವನ್ನೂ ಗ್ರಾಮಿನಲ್ಲಿ ತೂಗುವ ತಕ್ಕಡಿಯಲ್ಲಿಟ್ಟು ಬರೆದುಕೊಳ್ಳತಕ್ಕದ್ದು. ಮಾರುವವರ ಪಟ್ಟಿಯನ್ನು ನಂಬಿ ಇರಬಾರದು.

ನಾಲ್ಕು ಮೋಟಾರುಗಳ ಒಟ್ಟು ಎತ್ತುಶಕ್ತಿಯು ಡ್ರೋನಿನ ತೂಕದ ಎರಡರಷ್ಟಕ್ಕೆ ಕಡಿಮೆಯಿರಕೂಡದು. ಈ ಲೆಕ್ಕದಲ್ಲಿ ಪ್ರತಿ ಮೋಟಾರು ಕಡಿಮೆಯೆಂದರೆ ೧೨೫ ಗ್ರಾಮನ್ನು ಎತ್ತಬೇಕು. ಸಮನಾಗಿ ನಿಂತು ಹಾರಲು ಸುಮಾರು ೩೦ ವ್ಯಾಟ್ ಶಕ್ತಿ ಬೇಕಾಗುವುದು. ಬ್ಯಾಟರಿಯಲ್ಲಿರುವುದು ಒಂಬತ್ತು ವ್ಯಾಟ್-ಗಂಟೆ ಮಾತ್ರ. ಅದನ್ನು ಪೂರ್ತಿಯಾಗಿ ಬರಿದು ಮಾಡಬಾರದಾದುದರಿಂದ ಒಂದು ಹಾರಾಟಕ್ಕೆ ಹತ್ತು ನಿಮಿಷವೆಂದು ಎಣಿಸಿ, ಎಂಟನೆಯ ನಿಮಿಷಕ್ಕೆ ಇಳಿಸುವುದು ಜಾಣತನ. ದೊಡ್ಡ ಬ್ಯಾಟರಿ ಹಾಕಿದರೆ ಹೆಚ್ಚು ಹೊತ್ತು ಹಾರೀತೆಂದು ತೋರುವುದು ಸಹಜ. ಆದರೆ ಆ ಬ್ಯಾಟರಿಯನ್ನು ಹೊರಲೆಂದೇ ಅದರ ಶಕ್ತಿಯ ಬಹುಪಾಲು ವ್ಯಯವಾಗುವುದಲ್ಲದೆ ೨೫೦ ಗ್ರಾಮಿನ ಮಿತಿಯೂ ಮೀರುವುದು.

೫. ಚೌಕಟ್ಟನ್ನು ಅಚ್ಚು ತೆಗೆಯುವುದು

ತ್ರೀಡಿ ಪ್ರಿಂಟರ್ ಎಂಬ ಅಚ್ಚಿನ ಯಂತ್ರವು ಪ್ಲಾಸ್ಟಿಕ್ಕಿನ ದಾರವನ್ನು ಕರಗಿಸಿ, ಶಾವಿಗೆಯ ಎಳೆಯಂತೆ ಹೊರಹಾಕುತ್ತ, ಒಂದರ ಮೇಲೊಂದು ಪದರವಾಗಿ ಹಾಸಿ ವಸ್ತುವನ್ನು ಕಟ್ಟುವುದು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ ೨೦೦೫ರಲ್ಲಿ ಆರಂಭಿಸಿದ ರೆಪ್‌ರಾಪ್ ಎಂಬ ಮುಕ್ತ ಯೋಜನೆಯಿಂದ ಈ ಯಂತ್ರವು ಸಾಮಾನ್ಯರ ಮನೆಗೂ ಬಂದಿತು. ಪ್ರತಿಯೊಬ್ಬ ರೈತನೂ ಇದನ್ನು ಕೊಳ್ಳಬೇಕಾಗಿಲ್ಲ. ೨೦೧೬ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳುಳ್ಳ ಪ್ರೌಢಶಾಲೆಗಳಲ್ಲಿಯೂ ಇಂಜಿನಿಯರಿಂಗ್ ಮಹಾವಿದ್ಯಾಲಯಗಳಲ್ಲಿಯೂ ಇಂಥ ಯಂತ್ರಗಳಿರುವವು. ಊರಿನ ವಿದ್ಯಾರ್ಥಿಗಳ ಮೂಲಕ ಅಲ್ಲಿ ಅಚ್ಚು ತೆಗೆಸಿಕೊಳ್ಳುವುದು ಸುಲಭ ಮಾರ್ಗ.

ದಾರದ ಜಾತಿ: ಪಿಎಲ್‌ಎ ಎಂಬ ದಾರವು ಅಚ್ಚಿಗೆ ಸುಲಭವಾದರೂ ಸುಮಾರು ೬೦ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗುವುದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎರೆಹೊಲದ ಬದುವಿನ ಮೇಲಿಟ್ಟ ಕಪ್ಪು ತೋಳಾಗಲಿ, ಮುಚ್ಚಿದ ವಾಹನದೊಳಗೆ ಮರೆತ ಚೌಕಟ್ಟಾಗಲಿ ಆ ಶಾಖವನ್ನು ಮುಟ್ಟುವುದು ಕಷ್ಟವೇನಲ್ಲ. ಮೋಟಾರಿನ ಕಾವೂ ಅದಕ್ಕೆ ಸೇರುವುದು. ಆದುದರಿಂದ ಸುಮಾರು ೮೦ ಡಿಗ್ರಿಯವರೆಗೆ ತಾಳುವ, ಪೆಟ್ಟಿಗೆ ಬೇಗನೆ ಸಿಡಿಯದ ಪಿಇಟಿಜಿ ದಾರವನ್ನು, ಅದರಲ್ಲಿಯೂ ಬಿಳಿ ಇಲ್ಲವೆ ಕಿತ್ತಳೆ ಬಣ್ಣದ್ದನ್ನು ಆರಿಸಬೇಕು. ಈ ಬಣ್ಣಗಳು ಬಿಸಿಲನ್ನು ಕಡಿಮೆ ಹೀರುವವು; ಡ್ರೋನ್ ಬೆಳೆಯಲ್ಲಿ ಬಿದ್ದರೆ ಹುಡುಕಲೂ ಅನುಕೂಲ. ದಾರವು ಗಾಳಿಯ ತೇವವನ್ನು ಹೀರಿದರೆ ಅಚ್ಚು ಬಲಹೀನವಾಗುವುದರಿಂದ, ಬೀಜದ ಕಾಳನ್ನು ಕಾಪಾಡುವಂತೆ ಅದನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಒಣದಾಗಿ ಇಡಬೇಕು.

ಎಳೆಯ ದಿಕ್ಕು: ಬಡಿಗನು ಕೂರಿಗೆಗೆ ಕಟ್ಟಿಗೆಯನ್ನು ಆರಿಸುವಾಗ ನಾರು ಯಾವ ದಿಕ್ಕಿಗೆ ಓಡಿದೆಯೆಂದು ನೋಡುವನು, ಅಡ್ಡನಾರಿನ ಕಟ್ಟಿಗೆಯು ಮೊದಲನೆಯ ಎಳೆತಕ್ಕೇ ಮುರಿಯುವುದು. ಅಚ್ಚಿನ ತೋಳಿಗೂ ಇದೇ ನ್ಯಾಯ. ಎಳೆಯುದ್ದಕ್ಕೆ ಅದು ಬಲವಾಗಿರುವುದು. ಪದರ ಪದರಗಳ ಸಂದಿನಲ್ಲಿ ಬಲಹೀನವಾಗಿರುವುದು. ತೋಳನ್ನು ನೆಟ್ಟಗೆ ನಿಲ್ಲಿಸಿ ಅಚ್ಚು ತೆಗೆದರೆ ಸಂದುಗಳು ಅಡ್ಡವಾಗಿ ಬಂದು ಸಣ್ಣ ಪೆಟ್ಟಿಗೂ ಬಿಟ್ಟುಕೊಳ್ಳುವವು. ಮಲಗಿಸಿ ತೆಗೆದರೆ ಎಳೆಗಳು ಮೋಟಾರಿನಿಂದ ನಡುವಿನವರೆಗೆ ಉದ್ದಕ್ಕೂ ಓಡುವವು. ಹೀಗೆ ಮಲಗಿಸಿಯೇ ಅಚ್ಚು ತೆಗೆಯತಕ್ಕದ್ದು.

ಅಳತೆ: ತೋಳಿನ ಉದ್ದ ೮೦, ಅಗಲ ೧೨, ಎತ್ತರ ೮ ಮಿಲಿಮೀಟರ್ ಇರಲಿ; ಪದರದ ದಪ್ಪ ೦.೨ ಮಿಲಿಮೀಟರ್, ಹೊರಗೋಡೆಗೆ ನಾಲ್ಕು ಸುತ್ತು, ಒಳಗೆ ತೆಳುವಾದ ಜಾಲ. ಮನೆಯ ತೊಲೆಯನ್ನು ಅಗಲವಾಗಿ ಮಲಗಿಸದೆ ಎತ್ತರವಾಗಿ ನಿಲ್ಲಿಸಿ ಹೂಡುವ ಕಾರಣವೇ ಇಲ್ಲಿಯೂ ಇರುವುದು: ಎತ್ತರವನ್ನು ಎರಡರಷ್ಟು ಮಾಡಿದರೆ ಬಿಗುವು ಎಂಟರಷ್ಟಾಗುವುದು. ತೋಳು ಬಳುಕಿದರೆ ಮೋಟಾರಿನ ನಡುಕವು ಜೈರೋಸ್ಕೋಪನ್ನು ಸೇರಿ, ಇಲ್ಲದ ವಾಲಾಟವನ್ನು ಇದ್ದಂತೆ ತೋರಿಸುವುದು. ಫಲಕವು ಅದನ್ನು ತಿದ್ದಹೋಗಿ ಡ್ರೋನನ್ನು ಕೆಡವುವುದು.

ಪರೀಕ್ಷೆ: ನಡುವಿನ ಹಲಗೆಯನ್ನು ಮೇಜಿಗೆ ಬಿಗಿದು, ತೋಳಿನ ತುದಿಗೆ ಅರ್ಧ ಕಿಲೋ ಜೋಳದ ಚೀಲವನ್ನು ತೂಗುಹಾಕಬೇಕು. ತುದಿಯು ಎರಡು ಮಿಲಿಮೀಟರಿಗಿಂತ ಹೆಚ್ಚು ಬಾಗಿದರೆ ಇಲ್ಲವೆ ಬಿರಿದ ಸದ್ದು ಕೇಳಿದರೆ ಆ ತೋಳನ್ನು ಬಳಸಬಾರದು. ನಾಲ್ಕು ತೋಳುಗಳನ್ನೂ ಬಿಡಿಯಾಗಿ ಅಚ್ಚು ತೆಗೆದು ಸ್ಕ್ರೂಗಳಿಂದ ಸೇರಿಸುವುದು ಮೇಲು. ಬಿದ್ದಾಗ ಮುರಿಯುವುದು ಸಾಮಾನ್ಯವಾಗಿ ಒಂದೇ ತೋಳು. ದಾರದ ಬೆಲೆ ಕಿಲೋಗೆ ಸಾವಿರ ರೂಪಾಯಿಯೆಂದು ಹಿಡಿದರೆ ಎಂಟು ಗ್ರಾಮಿನ ತೋಳಿಗೆ ಎಂಟೇ ರೂಪಾಯಿಯ ದಾರ ಸಾಕು. ಅಚ್ಚಿನ ಚೌಕಟ್ಟಿನ ನಿಜವಾದ ಲಾಭವಿರುವುದು ಇಲ್ಲಿಯೇ. ಕೊಂಡ ಚೌಕಟ್ಟು ಮುರಿದರೆ ಪೇಟೆಯಿಂದ ಬರುವತನಕ ಕಾಯಬೇಕು. ಅಚ್ಚಿನ ತೋಳು ಅಂದೇ ಸಿದ್ಧವಾಗುವುದು. ನಾಲ್ಕೆಂಟು ತೋಳುಗಳನ್ನು ಮುಂಗಾರಿಗೆ ಮುಂಚೆಯೇ ತೆಗೆದಿಟ್ಟುಕೊಳ್ಳುವುದು ಉತ್ತಮ. ಅಚ್ಚಿನ ನಡುವೆ ವಿದ್ಯುತ್ತು ಕಡಿದರೆ ಕೆಲಸ ಕೆಡುವುದರಿಂದ ಆ ವೇಳೆಯನ್ನೂ ನೋಡಿಕೊಳ್ಳಬೇಕು.

೬. ಜೋಡಣೆ

ಭಾರತಕ್ಕೆ ಪೂರ್ಣ ಸಿದ್ಧವಾದ ಪರದೇಶದ ಡ್ರೋನ್‌ಗಳನ್ನು ತರಿಸುವುದನ್ನು ೨೦೨೨ನೆಯ ಫೆಬ್ರುವರಿಯಲ್ಲಿ ನಿಷೇಧಿಸಲಾಯಿತು. ಬಿಡಿಭಾಗಗಳಿಗೆ ಆ ನಿಷೇಧ ತಗಲಲಿಲ್ಲ. ಮೋಟಾರು, ಫಲಕ, ಗ್ರಾಹಕಗಳನ್ನು ವ್ಯಾಪಾರಿಗಳಿಂದ ಬಿಡಿಯಾಗಿ ಕೊಳ್ಳಬಹುದು. ರೇಡಿಯೋ ಸಾಧನವು ಪರವಾನಗಿ ಬೇಡದ ೨.೪ ಗಿಗಾಹರ್ಟ್ಜ್ ತರಂಗದ್ದಾಗಿರಲಿ. ಎಲ್ಲ ಸಾಮಾನುಗಳೂ ಸೇರಿ ಇಪ್ಪತ್ತೈದು ಸಾವಿರ ರೂಪಾಯಿಗೆ ಕಡಿಮೆಯಾಗದೆಂದು ಎಣಿಸಿ, ನಾಲ್ಕಾರು ಹಿಡುವಳಿದಾರರು ಕೂಡಿ ಕೊಳ್ಳುವುದು ಯುಕ್ತ.

ಹಾರಾಟ ಫಲಕವನ್ನು ನಡುವಿನ ಹಲಗೆಯ ಮೇಲೆ ರಬ್ಬರಿನ ಬಿಲ್ಲೆಗಳ ಆಧಾರದಲ್ಲಿ ಕೂರಿಸಬೇಕು. ಜಿಪಿಎಸ್ ಎಲ್ಲಕ್ಕೂ ಮೇಲೆ, ಆಕಾಶಕ್ಕೆ ಮುಖವಾಗಿರಲಿ. ಬ್ಯಾಟರಿಯನ್ನು ನಡುವೆ ಕಟ್ಟಿ, ಡ್ರೋನನ್ನು ಎರಡು ಬೆರಳುಗಳ ಮೇಲೆ ನಿಲ್ಲಿಸಿದರೆ ಯಾವ ಕಡೆಗೂ ವಾಲದಂತೆ ಹಿಂದೆ ಮುಂದೆ ಸರಿಸಿ ನಿಲ್ಲಿಸಬೇಕು. ಮೋಟಾರುಗಳು ಸರಿಯಾದ ದಿಕ್ಕಿಗೆ ತಿರುಗುವವೋ ಎಂಬುದನ್ನು ರೆಕ್ಕೆಗಳನ್ನು ಕಳಚಿಟ್ಟೇ ಪರೀಕ್ಷಿಸತಕ್ಕದ್ದು. ಮನೆಯೊಳಗೆ ರೆಕ್ಕೆ ತೊಡಿಸಿದ ಡ್ರೋನಿಗೆ ಬ್ಯಾಟರಿಯನ್ನು ಜೋಡಿಸಲೇಕೂಡದು. ನಾಲ್ಕು ಅಂಗುಲದ ರೆಕ್ಕೆಯು ಬೆರಳನ್ನು ಆಳವಾಗಿ ಕೊಯ್ಯಬಲ್ಲದು. ರೇಡಿಯೋ ಸಂಪರ್ಕ ಕಡಿದರೆ ಹೊರಟ ಸ್ಥಳಕ್ಕೆ ತಾನಾಗಿ ಮರಳುವ ಏರ್ಪಾಡನ್ನು ತಂತ್ರಾಂಶದಲ್ಲಿ ಮಾಡಿ, ಬಯಲಿನಲ್ಲಿ ಪರೀಕ್ಷಿಸಿ ನೋಡಿದ ತರುವಾಯವೇ ಹೊಲದ ಕೆಲಸಕ್ಕೆ ತೊಡಗಬೇಕು.

೭. ಬ್ಯಾಟರಿಯ ವಿಷಯದಲ್ಲಿ ಎಚ್ಚರ

ಲಿಥಿಯಂ ಬ್ಯಾಟರಿಯು ಚಿಕ್ಕದಾದರೂ ಕೆಟ್ಟರೆ ಬೆಂಕಿಯಾಗುವುದು. ತುಂಬಿದ ಕೋಶವು ೪.೨ ವೋಲ್ಟ್ ಇರುವುದು, ೩.೫ ವೋಲ್ಟಿಗೆ ಇಳಿಯುತ್ತಲೇ ಡ್ರೋನನ್ನು ನೆಲಕ್ಕಿಳಿಸಬೇಕು. ಕೆಲದಿನ ಬಳಸದೆ ಇಡುವುದಾದರೆ ೩.೮ ವೋಲ್ಟಿನಲ್ಲಿ ಇಡಬೇಕು. ಮೇವಿನ ಬಣವೆ, ಹತ್ತಿಯ ರಾಶಿ, ಹಾಸಿಗೆ ಇವುಗಳಿಂದ ದೂರವಾಗಿ, ಕಲ್ಲು ಹಾಸಿದ ಸ್ಥಳದಲ್ಲಿ ಮಣ್ಣಿನ ಪಾತ್ರೆಯೊಳಗಿಟ್ಟು, ಹತ್ತಿರ ಒಬ್ಬರು ಇದ್ದುಕೊಂಡೇ ಚಾರ್ಜು ಮಾಡತಕ್ಕದ್ದು. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಸಲ ಉಪಯೋಗಿಸಬಾರದು.

೮. ಹಾರಿಸುವ ಕಾಲ ಮತ್ತು ಸ್ಥಳ

ಗದಗ ಜಿಲ್ಲೆಯಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದೇ ಅಲ್ಲಿಯ ಮುಂಗಾರು ಗಾಳಿಯ ಬಲಕ್ಕೆ ಸಾಕ್ಷಿ. ಕಾಲು ಕಿಲೋ ತೂಕದ ಡ್ರೋನ್ ಆ ಗಾಳಿಗೆದುರಾಗಿ ನಿಲ್ಲಲಾರದು. ನೆಲದ ಮೇಲೆ ಜೋಳದ ಎಲೆಗಳು ಸತತವಾಗಿ ಬಡಿದಾಡುವಷ್ಟು ಗಾಳಿಯಿದ್ದರೆ ಮೇಲೆ ಅದಕ್ಕಿಂತ ಹೆಚ್ಚಿರುವುದೆಂದು ತಿಳಿದು ಹಾರಿಸದಿರುವುದು ಲೇಸು. ಬೆಳಗಿನ ಹೊತ್ತು ಗಾಳಿಯು ಸಾಮಾನ್ಯವಾಗಿ ಶಾಂತವಾಗಿರುವುದು. ಮೊದಲು ಗಾಳಿಗೆದುರಾಗಿ ಹೋಗಿ, ಮರಳುವಾಗ ಗಾಳಿಯ ಜೊತೆಗೆ ಬರುವಂತೆ ದಾರಿಯನ್ನು ಹೂಡಬೇಕು. ಮಳೆಯಲ್ಲಿ ಹಾರಿಸಿದರೆ ಫಲಕವು ನೀರಿಗೆ ಸುಡುವುದು. ಮಳೆಯು ಹೊಳವಾಗುವತನಕ ಕಾಯಬೇಕು.

ವಿದ್ಯುತ್ ತಂತಿ, ಗಾಳಿಯಂತ್ರ, ಜಾತ್ರೆ, ಸಂತೆ, ಶಾಲೆ, ಹೂಡಿದ ಎತ್ತು ಇವುಗಳ ಮೇಲೆ ಹಾರಿಸಕೂಡದು. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಂಥ ಹಕ್ಕಿಗಳ ಹಿಂಡು ಕಂಡರೆ ಕೂಡಲೇ ಇಳಿಸಬೇಕು. ೨೦೧೯ನೆಯ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಕೊಣ್ಣೂರು ಮೊದಲಾದ ಊರುಗಳಿಗೆ ನೀರು ನುಗ್ಗಿದಂಥ ಸಮಯವು ಒದಗಿದರೆ, ರಕ್ಷಣೆಗೆ ಹೆಲಿಕಾಪ್ಟರುಗಳು ಬರುವ ಸಂಭವವಿರುವುದರಿಂದ ಅಧಿಕಾರಿಗಳ ಅಪ್ಪಣೆಯಿಲ್ಲದೆ ಯಾವ ಡ್ರೋನನ್ನೂ ಮೇಲಕ್ಕೆ ಬಿಡಬಾರದು. ನೆರೆಯವರ ಮನೆಯಂಗಳವನ್ನು ಚಿತ್ರಿಸುವುದರಿಂದ ಮನಸ್ತಾಪಗಳು ಹುಟ್ಟುವವು. ಹೊಲವನ್ನು ಚಿತ್ರಿಸುವ ಮುಂಚೆ ಬದುವಿನಾಚೆಯವರಿಗೆ ಒಂದು ಮಾತು ತಿಳಿಸುವುದು ಹಿರಿಯರ ಮರ್ಯಾದೆ.

೯. ಚಿತ್ರದಿಂದ ತಿಳಿಯುವುದು

ಅರವತ್ತು ಮೀಟರ್ ಎತ್ತರದಿಂದ, ೮೦ ಡಿಗ್ರಿ ಅಗಲ ನೋಟವುಳ್ಳ ಕ್ಯಾಮೆರಾವು ನೆಲದ ಮೇಲೆ ಸುಮಾರು ೧೦೦ ಮೀಟರ್ ಅಗಲ, ೭೫ ಮೀಟರ್ ಉದ್ದದ ಸ್ಥಳವನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು. ಇದು ೧ ಎಕರೆ ೩೪ ಗುಂಟೆಗೆ ಸಮ. ಐದು ಎಕರೆಯ ಹೊಲಕ್ಕೆ ಅಂಚುಗಳು ಒಂದರ ಮೇಲೊಂದು ಬರುವಂತೆ ಐದಾರು ಚಿತ್ರಗಳು ಸಾಕು. ಅಗಲಕ್ಕೆ ನಾಲ್ಕು ಸಾವಿರ ಚುಕ್ಕೆಗಳಿರುವ ಚಿತ್ರದಲ್ಲಿ ಒಂದೊಂದು ಚುಕ್ಕೆಯು ನೆಲದ ಎರಡೂವರೆ ಸೆಂಟಿಮೀಟರಿಗೆ ಸಮನಾಗುವುದರಿಂದ, ನಿಂತ ನೀರು, ಒಡೆದ ಒಡ್ಡು, ಬಿತ್ತದೆ ಬಿಟ್ಟ ಸಾಲು, ಹಳದಿಯಾದ ತಾಣ ಇವು ಸ್ಪಷ್ಟವಾಗಿ ಕಾಣುವವು. ಎಲೆಯ ಮೇಲಿನ ಹುಳವಾಗಲಿ ರೋಗದ ಚುಕ್ಕೆಯಾಗಲಿ ಕಾಣದು. ಅದಕ್ಕೆ ರೈತನ ಕಣ್ಣೇ ಬೇಕು.

ಚಿತ್ರವನ್ನು ತೆಗೆದ ದಿನ, ವೇಳೆ, ಸರ್ವೆ ನಂಬರು, ಹಿಸ್ಸಾ, ಬೆಳೆಯ ಹೆಸರು ಇವುಗಳನ್ನು ಆಗಲೇ ಬರೆದಿಡತಕ್ಕದ್ದು. ಅನಂತರ ೭೨ ಗಂಟೆಗಳು ಕಳೆಯುವ ಮುಂಚೆಯೇ ವಿಮೆಯ ಸಹಾಯವಾಣಿ ೧೪೪೪೭ಕ್ಕಾಗಲಿ, ಬ್ಯಾಂಕಿಗಾಗಲಿ, ಕೃಷಿ ಇಲಾಖೆಗಾಗಲಿ ಹಾನಿಯನ್ನು ತಿಳಿಸಬೇಕು. ಈ ಚಿತ್ರವು ತಾನಾಗಿ ಪರಿಹಾರವನ್ನು ಕೊಡಿಸುವ ದಾಖಲೆಯಲ್ಲ. ಹಾನಿಯನ್ನು ನಿಶ್ಚಯಿಸುವವರು ನಿಯಮದಂತೆ ಸ್ಥಳಪರೀಕ್ಷೆ ಮಾಡುವ ಅಧಿಕಾರಿಗಳೇ. ಆದರೆ ಯಾವ ಹೊಲಕ್ಕೆ, ಎಷ್ಟು ಗುಂಟೆಗೆ ನೀರು ನಿಂತಿತೆಂಬುದನ್ನು ತೋರಿಸಿ ಪರೀಕ್ಷಕರನ್ನು ನೇರವಾಗಿ ಅಲ್ಲಿಗೆ ಕರೆಯಲು ಇದು ನೆರವಾಗುವುದು. ನೀರು ಇಳಿದ ಮೇಲೆ ಬಂದವರಿಗೆ ಕಾಣದ ಸಂಗತಿಯನ್ನು ಮೊದಲ ದಿನದ ಚಿತ್ರವು ಉಳಿಸಿಕೊಂಡಿರುವುದು.

ಇನ್ನೊಂದು ಪ್ರಯೋಜನವು ವರ್ಷವಿಡೀ ಉಂಟು. ಪ್ರತಿ ದೊಡ್ಡ ಮಳೆಯ ತರುವಾಯ ಒಂದೇ ಸ್ಥಳದಿಂದ ತೆಗೆದ ಚಿತ್ರಗಳನ್ನು ಹೋಲಿಸಿದರೆ ನೀರು ಯಾವ ತಗ್ಗಿನಲ್ಲಿ ನಿಲ್ಲುವುದು, ಯಾವ ಒಡ್ಡನ್ನು ಕೊರೆಯುವುದು ಎಂಬುದು ಗೊತ್ತಾಗುವುದು. ಬೇಸಿಗೆಯಲ್ಲಿ ಒಡ್ಡು ತಿದ್ದುವಾಗಲೂ ಬಸಿಗಾಲುವೆ ತೆಗೆಯುವಾಗಲೂ ಊಹೆಯ ಬದ್ಧಲು ಈ ಸಾಕ್ಷ್ಯವನ್ನು ಅನುಸರಿಸಬಹುದು. ಬದುವಿನ ಎರಡು ಕಡೆಯವರು ನೀರಿನ ದಾರಿಯ ಬಗ್ಗೆ ವಾದಿಸುವಲ್ಲಿ ಇಬ್ಬರೂ ಕೂಡಿ ನೋಡಿದ ಚಿತ್ರವು ಮಾತನ್ನು ಮೊಟಕು ಮಾಡುವುದು.

೧೦. ಗ್ರಾಮದ ಹಿರಿಯರ ಕರ್ತವ್ಯ

ಈ ಕೆಲಸವನ್ನು ಮಾಡಬಲ್ಲ ತರುಣರು ಈಗ ಅನೇಕ ಗ್ರಾಮಗಳಲ್ಲಿರುವರು. ಅವರಿಗೆ ಹಿರಿಯರಿಂದ ಹಣಕ್ಕಿಂತ ಮೊದಲು ಬೇಕಾಗುವುದು ಕಟ್ಟುಪಾಡು. ಹೊಣೆಗಾರನೊಬ್ಬನನ್ನು ಗೊತ್ತುಮಾಡಿ, ನೋಂದಣಿಯನ್ನು ಅವನ ಹೆಸರಿನಲ್ಲಿ ಮಾಡಿಸಿ, ಪ್ರತಿಯೊಂದು ಹಾರಾಟದ ದಿನ, ಸ್ಥಳ, ತೂಕಗಳನ್ನು ಒಂದು ಪುಸ್ತಕದಲ್ಲಿ ಬರೆಸತಕ್ಕದ್ದು. ಹೊಸ ಕ್ಯಾಮೆರಾ ಇಲ್ಲವೆ ಬ್ಯಾಟರಿ ಹಾಕಿದಾಗಲೆಲ್ಲ ಡ್ರೋನನ್ನು ಮತ್ತೆ ತೂಗಿಸಬೇಕು. ಮೇ ತಿಂಗಳೊಳಗಾಗಿ ಚೌಕಟ್ಟು ಸಿದ್ಧವಾಗಿ, ಬೀಳುಭೂಮಿಯ ಮೇಲೆ ಇಪ್ಪತ್ತು ಹಾರಾಟಗಳಾದರೂ ಆಗಿರಬೇಕು. ದೊಡ್ಡ ಮಳೆಯ ಮರುದಿನ ಕಲಿಯಲು ತೊಡಗಿದವನಿಗೆ ಆ ಮೂರು ದಿನಗಳು ಸಾಲವು.